ಬೀಗವಿಲ್ಲದ ಪೆಟ್ಟಿಗೆ

ತೇರಿನ ಹಗ್ಗಕ್ಕೆ ನೂರಾರು ಕೈ. ಒಂದೇ ಕೂಗಿಗೆ ಎಲ್ಲರೂ ಜಗ್ಗಿದರೆ ತೇರು ಸಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ಬೆವರು ಹರಿಯುತ್ತದೆ, ತೇರು ಇದ್ದಲ್ಲೇ ಇರುತ್ತದೆ. ನಡೆದಾಡುತ್ತಿದ್ದವರು ಹಠಾತ್ತನೆ ಕುಸಿದುಬಿದ್ದಾಗ ಎದೆಯೊಳಗೆ ಎಷ್ಟೋ ಸಲ ನಡೆಯುವುದು ಇದೇ. ಹೃದಯದ ಕೆಳಕೋಣೆಗಳ ಸ್ನಾಯುಗಳು ತಾಳ ತಪ್ಪಿ ಅದುರುತ್ತವೆ, ಮಿದುಳಿಗೆ ರಕ್ತ ಹೋಗುವುದಿಲ್ಲ. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ.

ಎದೆಗೆ ವಿದ್ಯುತ್ ಹಾಯಿಸುವ ಡಿಫಿಬ್ರಿಲೇಟರ್ ಯಂತ್ರದ ಶಾಕ್ ನಿಂತ ಹೃದಯವನ್ನು ಸ್ಟಾರ್ಟ್ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಮಾಡುವುದು ಬೇರೆ ಕೆಲಸ. ಎಲ್ಲ ಕೈಗಳಿಂದಲೂ ಒಮ್ಮೆಗೇ ಹಗ್ಗ ಬಿಡಿಸುತ್ತದೆ. ಆ ಒಂದು ಕ್ಷಣದ ನಿಶ್ಶಬ್ದದಲ್ಲಿ ಹೃದಯದ ಸಹಜ ತಾಳಗಾರನಾದ ಸೈನಸ್ ನೋಡ್ ಮತ್ತೆ ಕೂಗು ಹಾಕಬಹುದು. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ನಮ್ಮ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಎಷ್ಟು ನಿಮಿಷಕ್ಕೆ ಬರುತ್ತದೆಂದು ನಿಮಗೇ ಗೊತ್ತು.

ಶಿಕಾಗೋದ ವಿಮಾನ ನಿಲ್ದಾಣಗಳಲ್ಲಿ 1999ರಲ್ಲಿ ಒಂದು–ಒಂದೂವರೆ ನಿಮಿಷದ ನಡಿಗೆಗೆ ಸಿಗುವಂತೆ ಎಇಡಿ ಎಂಬ ಸ್ವಯಂಚಾಲಿತ ಡಿಫಿಬ್ರಿಲೇಟರ್‌ಗಳನ್ನು ಇಟ್ಟರು. ಎರಡು ವರ್ಷಗಳಲ್ಲಿ ಫಿಬ್ರಿಲೇಷನ್ ಆದ 18 ಜನರಲ್ಲಿ 11 ಮಂದಿಯ ಜೀವ ಮರಳಿತು. ಆ 11ರಲ್ಲಿ 6 ಮಂದಿಯನ್ನು ಉಳಿಸಿದವರಲ್ಲಿ ಕೆಲವರು ವೈದ್ಯಕೀಯ ಓದಿದ್ದರೂ, ಈ ಯಂತ್ರದ ತರಬೇತಿಯಾಗಲೀ ಅನುಭವವಾಗಲೀ ಯಾರಿಗೂ ಇರಲಿಲ್ಲ.

ಇರಬೇಕಾಗಿಯೂ ಇಲ್ಲ. ಆನ್ ಮಾಡಿದರೆ ಯಂತ್ರವೇ ಮಾತಾಡುತ್ತದೆ. ಅಂಗಿ ಬಿಚ್ಚಿ, ಬೆವರು ಒರೆಸಿ, ಒಂದು ಪ್ಯಾಡನ್ನು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡ ಕಂಕುಳ ಕೆಳಗಿನ ಪಕ್ಕೆಗೆ ಅಂಟಿಸಬೇಕು. "ಯಾರೂ ಮುಟ್ಟಬೇಡಿ" ಎಂದು ಹೇಳಿ ಹೃದಯದ ಲಯ ಓದುತ್ತದೆ. ಶಾಕ್ ಬೇಕಿಲ್ಲದ ಲಯವಾದರೆ ಕೊಡುವುದೇ ಇಲ್ಲ. ಕೊಟ್ಟ ಮೇಲೆ ಮತ್ತೆ ಎದೆ ಒತ್ತಲು ಹೇಳುತ್ತದೆ.

ನನ್ನನ್ನು ಕಾಡುವುದು ಅದಕ್ಕೂ ಮೊದಲಿನ ಗಳಿಗೆ. ಬಿದ್ದವರು ಒಮ್ಮೊಮ್ಮೆ ಬಾಯಿ ತೆರೆದು ಏದುತ್ತಾರೆ, ಗೊರಗುಟ್ಟುತ್ತಾರೆ. "ಉಸಿರಿದೆ, ಸ್ವಲ್ಪ ನೀರು ಕೊಡಿ" ಎಂದು ಸುತ್ತಲಿದ್ದವರು ಸಮಾಧಾನಪಡುತ್ತಾರೆ. ಅದು ಉಸಿರಾಟವಲ್ಲ. ಕರೆದರೆ ಓಗೊಡುತ್ತಿಲ್ಲ, ಉಸಿರು ಸರಿಯಿಲ್ಲ ಎಂದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಒಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಬೇಕು, ಇನ್ನೊಬ್ಬರು ಎಇಡಿ ಇರುವ ಪೆಟ್ಟಿಗೆಯತ್ತ ಓಡಬೇಕು.

ಎಲ್ಲಿಗೆ ಓಡುವುದು? ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುವ ಮಾತಿದೆ. ಒಳ್ಳೆಯ ಮಾತು. ಆದರೆ ಅದು ಕಚೇರಿಯ ಬೀರುವಿನಲ್ಲಿ ಬೀಗದೊಳಗೆ ಕೂರಬಾರದು. ಹೂ ಮಾರುವವರಿಗೂ ಆಟೋದವರಿಗೂ ಅದರ ಜಾಗ ಗೊತ್ತಿರಬೇಕು, ನಮ್ಮ ಬಸ್ ನಿಲ್ದಾಣದಲ್ಲಿ ಅದು ಕನ್ನಡದಲ್ಲೇ ಮಾತಾಡಬೇಕು. ಪ್ಯಾಡ್‌ಗಳ ಅವಧಿ ಮುಗಿಯುತ್ತದೆ, ಬ್ಯಾಟರಿ ಇಳಿಯುತ್ತದೆ. ಯಂತ್ರದ ಮೂಲೆಯ ಪುಟ್ಟ ದೀಪ ಸರಿಯಿದೆಯೇ ಎಂದು ದಿನಕ್ಕೊಮ್ಮೆ ನೋಡುವವರು ಯಾರೆಂದು ಗೋಡೆಯ ಮೇಲೆ ಹೆಸರು ಬರೆದಿರಬೇಕು.