ಮಂಗಳೂರಿನ ಚಳಿಜ್ವರ ಮತ್ತೆ ಮತ್ತೆ ಬಂದದ್ದು ಯಾಕೆ?

1990ರ ದಶಕದಲ್ಲಿ ಮಂಗಳೂರಿನ ಯಾವ ಬೀದಿಗೆ ಹೋದರೂ ಒಂದು ಕಟ್ಟಡ ಏಳುತ್ತಿತ್ತು. ಹೊಸ ಸ್ಲ್ಯಾಬ್ ಗಟ್ಟಿಯಾಗಲೆಂದು ಅದರ ಮೇಲೆ ಪುಟ್ಟ ಪುಟ್ಟ ಕಟ್ಟೆ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುತ್ತಾರಲ್ವಾ, ಆ ನೀರಿಗೆ ಬಗ್ಗಿ ನೋಡಬೇಕು. ಕಸದ ಎಳೆಯಂಥ ಸೊಳ್ಳೆ ಮರಿಗಳು ನೀರಿನ ಮೇಲ್ಮೈಗೆ ಸಮನಾಗಿ ಉದ್ದಕ್ಕೆ ಮಲಗಿರುತ್ತವೆ. ಬೇರೆ ಸೊಳ್ಳೆಗಳ ಮರಿ ತಲೆಕೆಳಗಾಗಿ ನೇತಾಡುತ್ತದೆ. ಹೀಗೆ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾದ ಸೊಳ್ಳೆ.

ಮಲೇರಿಯಾ ಎಂಬ ಈ ಚಳಿಜ್ವರ ನಮಗೇನೂ ಹೊಸದಲ್ಲ. ಮಲೆನಾಡಿನ ಊರುಗಳು ಇದರಿಂದ ತಲೆಮಾರುಗಟ್ಟಲೆ ನರಳಿವೆ. 1953ರಲ್ಲಿ ದೇಶದಾದ್ಯಂತ ಸೊಳ್ಳೆ ಕೊಲ್ಲುವ ಡಿಡಿಟಿ ಸಿಂಪಡಿಸುವ ಕೆಲಸ ಶುರುವಾಯಿತು. ಅದಕ್ಕೆ ಮೊದಲು ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಬರುತ್ತಿದ್ದ ಜ್ವರ 1965ರ ಹೊತ್ತಿಗೆ 1 ಲಕ್ಷಕ್ಕೆ ಇಳಿಯಿತು. ರೋಗ ಹೋಯಿತು ಅಂದುಕೊಂಡೆವು. 1976ರಲ್ಲಿ ಅದು 64 ಲಕ್ಷ ದಾಟಿತ್ತು.

ಮಲೇರಿಯಾ ತರುವ ಪರಾವಲಂಬಿಗಳಲ್ಲಿ ಮಂಗಳೂರಿನಲ್ಲಿ ಜಾಸ್ತಿ ಕಂಡದ್ದು ವೈವಾಕ್ಸ್. ಈ ಪರಾವಲಂಬಿ ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲೇ ಮರಿಮಾಡಿ, 48 ಗಂಟೆಗೊಮ್ಮೆ ಕಣವನ್ನು ಒಡೆದು ಹೊರಬರುತ್ತದೆ. ಲೆಕ್ಕವಿಲ್ಲದಷ್ಟು ಕಣಗಳು ಒಟ್ಟಿಗೇ ಒಡೆದಾಗ ಮೂರು ಕಂಬಳಿ ಹೊದ್ದರೂ ನಿಲ್ಲದ ನಡುಕ. ಆಮೇಲೆ ಸುಡುವ ಜ್ವರ, ಕೊನೆಗೆ ಹಾಸಿಗೆ ತೊಯ್ಯುವಷ್ಟು ಬೆವರು. ರಕ್ತ ಕಡಿಮೆಯಾಗುತ್ತದೆ, ಗುಲ್ಮ ಊದುತ್ತದೆ. ಇದರ ಇನ್ನೊಂದು ಜಾತಿ ಫಾಲ್ಸಿಪಾರಮ್ ಇನ್ನೂ ಅಪಾಯ. ಅದು ಹೊಕ್ಕ ಕಣಗಳು ಮಿದುಳಿನ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ಜೀವವನ್ನೇ ತೆಗೆಯಬಲ್ಲವು. ಅದಕ್ಕೆ ಆರ್ಟೆಮಿಸಿನಿನ್ ಎಂಬ ಮದ್ದು ಬೆರೆತ ಔಷಧಿ ತಡಮಾಡದೆ ಬೇಕು.

ನನ್ನ ಅಣ್ಣನಿಗೆ ಬಂದದ್ದು ವೈವಾಕ್ಸ್. ಮೂರು ದಿನ ಮಾತ್ರೆ ನುಂಗಿದ, ಜ್ವರ ಬಿಟ್ಟಿತು, ಕೆಲಸಕ್ಕೆ ಹೋದ. ಎರಡು ತಿಂಗಳಿಗೆ ಮತ್ತೆ ಅದೇ ನಡುಕ. ಅಂಗಿ ಜೇಬಿನಲ್ಲಿ 11 ದಿನದ ಮಾತ್ರೆ ಹಾಗೇ ಉಳಿದಿತ್ತು.

ಫ್ರೆಂಚ್ ವೈದ್ಯ ಲ್ಯಾವೆರನ್ ಮಲೇರಿಯಾದ ಪರಾವಲಂಬಿಯನ್ನು ಮನುಷ್ಯನ ರಕ್ತದಲ್ಲಿ ಕಂಡದ್ದು 1880ರಲ್ಲಿ. ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಆದರೆ ಅದು ರಕ್ತಕ್ಕೆ ಇಳಿಯುವ ಮೊದಲು ಯಕೃತ್ತಿನಲ್ಲಿ ಬೆಳೆಯುತ್ತದೆ ಎಂದು ತಿಳಿಯಲು 1948 ಬರಬೇಕಾಯಿತು. ವೈವಾಕ್ಸ್‌ನ ಕೆಲವು ಮರಿಗಳು ಅಲ್ಲೇ ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆ ಎಂಬುದು ಖಚಿತವಾದದ್ದು 1980ರ ದಶಕದಲ್ಲಿ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಮಲಗಿದ್ದನ್ನು ಮುಟ್ಟುವುದಿಲ್ಲ. ಮಲಗಿದ್ದನ್ನು ಕೊಲ್ಲಲೆಂದೇ 14 ದಿನದ ಪ್ರೈಮಾಕ್ವಿನ್ ಮಾತ್ರೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಲ್ಲಿ ಇದು ರಕ್ತಕಣಗಳನ್ನೇ ಒಡೆಯಬಹುದು, ಗರ್ಭಿಣಿಯರಿಗೂ ಹಸುಗೂಸುಗಳಿಗೂ ಕೊಡುವಂತಿಲ್ಲ. ಹಾಗಾಗಿ ವೈದ್ಯರನ್ನು ಕೇಳದೆ ಸುಮ್ನೆ ನುಂಗುವ ಮಾತ್ರೆ ಇದಲ್ಲ.

'ಹೊರಗಿನ ಕೂಲಿಯವರು ತಂದ ರೋಗ' ಎಂಬ ಮಾತು ಊರಲ್ಲಿ ಬೇಕಾದಷ್ಟು ಕೇಳಿದ್ದೇನೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ಕಿಟಕಿ ಕೂರಿಸದ ಕಟ್ಟಡದಲ್ಲಿ, ಸೊಳ್ಳೆಪರದೆ ಇಲ್ಲದೆ, ಆ ಸ್ಲ್ಯಾಬ್ ನೀರಿನ ಪಕ್ಕದಲ್ಲೇ ಮಲಗಿದವರು ಅವರು. ಎರಡು ವಾರದ ಮಾತ್ರೆ ಮುಗಿಯುವ ಮೊದಲೇ ಮೇಸ್ತ್ರಿ ಇನ್ನೊಂದು ಸೈಟಿಗೆ ಕಳಿಸಿರುತ್ತಿದ್ದ.