1960ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಂಥದ್ದೇನಾಯ್ತು?

ಪ್ರಶ್ನೆ: ಅಪಾರ್ತೀಡ್, ಅಂದ್ರೆ ಬಿಳಿಯರ ಸರ್ಕಾರದ ವರ್ಣಭೇದ ನೀತಿ, ಶುರುವಾಗಿದ್ದು 1948ರಲ್ಲಿ, ಮುಗಿದಿದ್ದು 1994ರಲ್ಲಿ. ಮತ್ತೆ ಎಲ್ರೂ 1960 1960 ಅಂತಾರಲ್ಲ, ಯಾಕೆ? ಶಾರ್ಪ್‌ವಿಲ್ ಗೋಲಿಬಾರ್ ಒಂದೇ ಕಾರಣಾನಾ?

ಅದೊಂದೇ ಅಲ್ಲ. ಶಾರ್ಪ್‌ವಿಲ್ ಮುಖ್ಯಾನೇ, ಆದ್ರೆ ನನ್ನ ಕೇಳಿದ್ರೆ ಆ ವರ್ಷದ ಅಸಲಿ ಕಥೆ ನಡೆದಿದ್ದು ಅದಾಗಿ ಒಂಬತ್ತು ದಿನಕ್ಕೆ, ಕೇಪ್ ಟೌನ್‌ನಲ್ಲಿ. ಅಲ್ಲಿಗೆ ಬರ್ತೀನಿ, ಮೊದ್ಲು ಈ ಪಾಸ್ ಅನ್ನೋದೇನು ಅಂತ ಗೊತ್ತಿರ್ಬೇಕು.

16 ವರ್ಷ ದಾಟಿದ ಕಪ್ಪು ಜನ ಎಲ್ಲಿಗೆ ಹೋದ್ರೂ ಜೇಬಲ್ಲಿ ಒಂದು ಪುಸ್ತಕ ಇಟ್ಕೊಂಡಿರ್ಬೇಕಿತ್ತು. ಅದ್ರಲ್ಲಿ ಫೋಟೋ, ಯಾವ ಊರಲ್ಲಿ ಇರೋಕೆ ಪರ್ಮಿಷನ್ ಇದೆ, ಟ್ಯಾಕ್ಸ್ ಕಟ್ಟಿದಾರಾ, ಯಾರ ಹತ್ರ ಕೆಲಸ, ಎಲ್ಲಾ ಇರ್ತಿತ್ತು, ಆ ಕೆಲಸ ಕೊಟ್ಟ ಧಣಿ ತಿಂಗಳು ತಿಂಗಳು ಸೈನ್ ಬೇರೆ ಹಾಕ್ಬೇಕು. ಪೊಲೀಸ್ ಕೇಳಿದಾಗ ಪುಸ್ತಕ ಇಲ್ಲ ಅಂದ್ರೆ ಸೀದಾ ಲಾಕಪ್. ಜನ ಇದಕ್ಕೆ ‘ಡೊಂಪಾಸ್’ ಅಂತಿದ್ರು, ದಡ್ಡ ಪಾಸ್ ಅಂತ. ತಮಾಷೆ ಏನಂದ್ರೆ ಈ ಪುಸ್ತಕ ತಂದ 1952ರ ಕಾಯ್ದೆಯ ಹೆಸರಲ್ಲೇ ‘ಪಾಸ್‌ಗಳ ರದ್ದತಿ’ ಅಂತಿದೆ! ಹಳೇ ಚೀಟಿಗಳನ್ನೆಲ್ಲ ತೆಗೆದು ಒಂದೇ ಪುಸ್ತಕ ಮಾಡಿ ಅದನ್ನೇ ರದ್ದು ಅಂದ್ಬಿಟ್ರು.

ರಾಬರ್ಟ್ ಸೊಬುಕ್ವೆ ಅಂತ, ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್‌ನ ಲೀಡರ್. ಅವರ ಪ್ಲಾನ್ ಸಿಂಪಲ್. ಎಲ್ರೂ ಪಾಸ್ ಮನೇಲಿ ಬಿಟ್ಟು ಠಾಣೆಗೆ ಹೋಗೋದು, ನಮ್ಮನ್ನ ಅರೆಸ್ಟ್ ಮಾಡಿ ಅನ್ನೋದು. ಜೈಲು ತುಂಬುತ್ತೆ, ಫ್ಯಾಕ್ಟರಿಗೆ ಜನ ಇರಲ್ಲ, ಕಾನೂನು ತಾನಾಗೇ ಬೀಳುತ್ತೆ ಅಂತ ಲೆಕ್ಕ. ಮಾರ್ಚ್ 21ಕ್ಕೆ ಅವರೇ ನಡ್ಕೊಂಡು ಒರ್ಲಾಂಡೊ ಠಾಣೆಗೆ ಹೋಗಿ ಅರೆಸ್ಟ್ ಆದ್ರು. ಅದೇ ದಿನ ಶಾರ್ಪ್‌ವಿಲ್ ಠಾಣೆ ಮುಂದೆ ಸೇರಿದ್ದ ಜನರ ಮೇಲೆ ಪೊಲೀಸ್ರು ಗುಂಡು ಹಾರಿಸಿದ್ರು. ಅಧಿಕೃತ ಲೆಕ್ಕದಲ್ಲಿ ಸತ್ತವರು 69, ತುಂಬಾ ಜನಕ್ಕೆ ಗುಂಡು ಬಿದ್ದಿದ್ದು ಬೆನ್ನಿಗೆ, ಅಂದ್ರೆ ಓಡೋವಾಗ.

ಪ್ರಪಂಚ ಬೈತು, ವಿದೇಶಿ ದುಡ್ಡು ಜಾಗ ಖಾಲಿ ಮಾಡೋಕೆ ಶುರುವಾಯ್ತು. ಸರ್ಕಾರ ಎಷ್ಟು ಅಳ್ಳಾಡ್ತು ಅಂದ್ರೆ ಪಾಸ್ ಇಲ್ಲ ಅಂತ ಅರೆಸ್ಟ್ ಮಾಡೋದನ್ನೇ ಸ್ವಲ್ಪ ದಿನ ನಿಲ್ಲಿಸ್ತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಅಧ್ಯಕ್ಷ ಲುಟುಲಿ ತಮ್ಮ ಪಾಸನ್ನ ಸುಟ್ಟೇ ಹಾಕಿದ್ರು. (ಅದೇ ದೇಶದಲ್ಲಿ, ಜೋಹಾನ್ಸ್‌ಬರ್ಗ್‌ನ ಮಸೀದಿ ಮುಂದೆ 1908ರಲ್ಲಿ ಗಾಂಧೀಜಿ ಭಾರತೀಯರ ನೋಂದಣಿ ಪತ್ರಗಳನ್ನ ಸುಡಿಸಿದ್ದು ನೆನಪಾಗುತ್ತೆ.)

ಈಗ ಕೇಪ್ ಟೌನ್. ಮಾರ್ಚ್ 30, ಬೆಳಗಿನ ಜಾವ ಲಾಂಗಾ ಅನ್ನೋ ಕಪ್ಪು ಜನರ ಬಡಾವಣೆಗೆ ಪೊಲೀಸ್ರು ನುಗ್ಗಿ ಮುಖಂಡರನ್ನ ಎಳ್ಕೊಂಡು ಹೋದ್ರು, ಅದನ್ನ ಕೇಳಿ ಸುಮಾರು 30,000 ಜನ ಎದ್ದು ಸಿಟಿ ಕಡೆ ನಡ್ಕೊಂಡೇ ಹೊರಟ್ರು. ಮುಂದೆ ಇದ್ದಿದ್ದು ಫಿಲಿಪ್ ಕೋಸಾನ, 23 ವರ್ಷದ ಸ್ಟೂಡೆಂಟು, ಹಾಕ್ಕೊಂಡಿದ್ದು ಚಡ್ಡಿ. ಪಾರ್ಲಿಮೆಂಟ್ ಅಲ್ಲೇ ಹತ್ರ. ಆ ಜನ ಮನಸ್ಸು ಮಾಡಿದ್ರೆ ಏನ್ ಬೇಕಾದ್ರೂ ಆಗ್ತಿತ್ತು. ಪೊಲೀಸ್ ಅಧಿಕಾರಿ ಹೇಳಿದ್ರು, ಜನರನ್ನ ವಾಪಸ್ ಕಳಿಸಪ್ಪ, ಸಂಜೆ ಮಂತ್ರಿ ಭೇಟಿ ಮಾಡಿಸ್ತೀವಿ ಅಂತ. ಹುಡುಗ ನಂಬಿದ. ಹೇಳಿದ್ದಕ್ಕೆ ಅಷ್ಟೂ ಜನ ಒಂದು ಕಲ್ಲೂ ಎಸೀದೆ ಮನೆಗೆ ಹೋದ್ರು. ಸಂಜೆ ಮಾತುಕತೆಗೆ ಅಂತ ಹೋದವನನ್ನ ಅರೆಸ್ಟ್ ಮಾಡಿದ್ರು!

ಅದೇ ದಿನ ತುರ್ತು ಪರಿಸ್ಥಿತಿ, ಸಾವಿರಾರು ಜನ ಒಳಗೆ. ಪಾಸ್ ವಾಪಸ್ ಬಂತು. ಏಪ್ರಿಲ್ 8ಕ್ಕೆ ಎರಡೂ ಕಾಂಗ್ರೆಸ್ ಬ್ಯಾನ್. ಮಾರನೇ ದಿನ ಪ್ರಧಾನಿ ಫರ್ವೂರ್ಡ್ ಮುಖಕ್ಕೆ ಒಬ್ಬ ಬಿಳಿ ರೈತ ಗುಂಡು ಹೊಡೆದ, ಬದುಕಿದ್ರು, ಹಠ ಒಂಚೂರೂ ಕಮ್ಮಿ ಆಗ್ಲಿಲ್ಲ. ಅಕ್ಟೋಬರ್‌ನಲ್ಲಿ ಬರೀ ಬಿಳಿಯರಿಂದ ವೋಟ್ ಹಾಕಿಸಿ, ಸುಮಾರು 52 ಪರ್ಸೆಂಟ್ ತಗೊಂಡು, ಮುಂದಿನ ವರ್ಷ ಗಣರಾಜ್ಯ ಮಾಡ್ಕೊಂಡು ಕಾಮನ್‌ವೆಲ್ತ್ ಬಿಟ್ರು.

1912ರಿಂದ ಅರ್ಜಿ, ನಿಯೋಗ, ಮೆರವಣಿಗೆ ಅಂತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ಗೆ ಈಗ ಅರ್ಜಿ ಕೊಡೋದೂ ಅಪರಾಧ. ಇನ್ನೇನ್ ಮಾಡ್ತಾರೆ? 1961ರ ಡಿಸೆಂಬರ್ 16ಕ್ಕೆ ಮಂಡೇಲಾ ಅವರ ಸಶಸ್ತ್ರ ಪಡೆಯ ಮೊದಲ ಬಾಂಬ್‌ಗಳು ಸಿಡಿದ್ವು. ಅದಕ್ಕೇ 1960 ಅನ್ನೋದು.

ಸೊಬುಕ್ವೆಗೆ ಮೂರು ವರ್ಷ ಶಿಕ್ಷೆ ಆಯ್ತು. ಅದು ಮುಗಿದ್ಮೇಲೂ ಬಿಡ್ಲಿಲ್ಲ, ಅವರಿಗೋಸ್ಕರಾನೇ ಒಂದು ಕಲಂ ಸೇರಿಸಿ, ವರ್ಷ ವರ್ಷ ಅದನ್ನ ರಿನ್ಯೂ ಮಾಡಿ, ಇನ್ನೂ ಆರು ವರ್ಷ ರಾಬೆನ್ ದ್ವೀಪದಲ್ಲಿ ಒಂಟಿಯಾಗಿ ಇಟ್ರು. 1978ರಲ್ಲಿ ತೀರ್ಕೊಂಡ್ರು. ಪಾಸ್ ಕಾನೂನು ರದ್ದಾಗಿದ್ದು 1986ರಲ್ಲಿ, ಈ ಸಲ ಹೆಸರಿಗಷ್ಟೇ ಅಲ್ಲ.