ಗೋಮಾದಲ್ಲಿ ರನ್‌ವೇ ಮುಗಿದ ಮೇಲೆ ಏನಿದೆ?

ವಿಮಾನ ಬಿತ್ತು ಅಂದ ಕೂಡಲೇ ಎಲ್ಲರೂ ಪೈಲಟ್ ಬಗ್ಗೆ, ಇಂಜಿನ್ ಬಗ್ಗೆ ಕೇಳುತ್ತಾರೆ. ವಿಮಾನ ನಿಲ್ದಾಣಗಳ ಸುರಕ್ಷತೆ ನೋಡುವ ನಮ್ಮಂಥವರು ಮೊದಲು ಕೇಳುವುದೇ ಬೇರೆ: ರನ್‌ವೇ ಎಷ್ಟು ಉದ್ದ? ಅದು ಮುಗಿದ ಮೇಲೆ ಏನಿದೆ? ಪೂರ್ವ ಕಾಂಗೋದ ಗೋಮಾದಲ್ಲಿ ಈ ಎರಡಕ್ಕೂ ಸಿಗುವ ಉತ್ತರ ಸಂಕಟ ತರುವಂಥದ್ದು.

2002ರ ಜನವರಿ 17ರಂದು ಪಕ್ಕದ ನೈರಗೊಂಗೊ ಜ್ವಾಲಾಮುಖಿ ಉಕ್ಕಿತು. ಲಾವಾ ಊರೊಳಗೆ ನುಗ್ಗಿ ಕಿವು ಸರೋವರದವರೆಗೆ ಹರಿಯಿತು. ಹೋಗುವಾಗ ರನ್‌ವೇಯ ಉತ್ತರ ತುದಿಯನ್ನೂ ಮುಚ್ಚಿತು. ಸುಮಾರು 3000 ಮೀಟರ್ ಇದ್ದದ್ದು 2000ದ ಆಸುಪಾಸಿಗೆ ಬಂತು.

ಅಷ್ಟು ಸಾಲದಾ? ಸಮುದ್ರ ಮಟ್ಟದಲ್ಲಾದರೆ ಎಷ್ಟೋ ವಿಮಾನಗಳಿಗೆ ಸಾಕು. ಗೋಮಾ ಇರುವುದು ಸುಮಾರು 1550 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ರೆಕ್ಕೆಗೂ ಬಲ ಕಡಿಮೆ, ಇಂಜಿನ್‌ಗೂ ಕಡಿಮೆ. ರನ್‌ವೇ ವಿನ್ಯಾಸದ ಲೆಕ್ಕದಲ್ಲಿ ಪ್ರತಿ 300 ಮೀಟರ್ ಎತ್ತರಕ್ಕೆ ಉದ್ದವನ್ನು ಶೇ 7ರಷ್ಟು ಹೆಚ್ಚಿಸುತ್ತೇವೆ. ಆ ಎತ್ತರಕ್ಕೆ ಇರಬೇಕಾದ ಉಷ್ಣಾಂಶಕ್ಕಿಂತ ಬಿಸಿ ಜಾಸ್ತಿಯಾದರೆ ಡಿಗ್ರಿಗೆ ಇನ್ನೂ ಶೇ 1. ಕೆಳಗೆ 1500 ಮೀಟರ್ ಸಾಕು ಅನ್ನುವ ವಿಮಾನಕ್ಕೆ ಇಲ್ಲಿ, 25 ಡಿಗ್ರಿ ಬಿಸಿಲಲ್ಲಿ, 2400 ಮೀಟರ್ ದಾಟುತ್ತದೆ. ಆಗ ತೂಕ ಇಳಿಸಬೇಕು, ಅಂದರೆ ಸೀಟು ಖಾಲಿ ಬಿಡಬೇಕು, ಸರಕು ಬಿಡಬೇಕು. ಸರಿಯಾದ ರಸ್ತೆಯೇ ಇಲ್ಲದ ಸೀಮೆಯಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ.

2008ರ ಏಪ್ರಿಲ್ 15ರಂದು ಹೇವಾ ಬೋರಾ ಸಂಸ್ಥೆಯ ಡಿಸಿ-9 ವಿಮಾನ ಟೇಕಾಫ್ ಕೈಬಿಟ್ಟು ಬ್ರೇಕ್ ಹಾಕಿತು. ನಿಲ್ಲಲು ಜಾಗ ಸಾಲಲಿಲ್ಲ. ದಕ್ಷಿಣ ತುದಿ ದಾಟಿ ಅಲ್ಲೇ ಇರುವ ಬಿರೇರೆ ಬಡಾವಣೆಯ ಅಂಗಡಿ, ಮನೆಗಳ ಮೇಲೆ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ವಿಮಾನದಲ್ಲೇ ಇರಲಿಲ್ಲ. 2019ರ ನವೆಂಬರ್ 24ರಂದು ಬೇನಿ ಪಟ್ಟಣಕ್ಕೆ ಹೊರಟಿದ್ದ ಡೋರ್ನಿಯರ್ 228 ಎಂಬ ಪುಟ್ಟ ವಿಮಾನ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಮನೆಗಳ ಮೇಲೆ ಬಿತ್ತು.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಥ ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ ಬಿಟ್ಟು, ಅದರಾಚೆ ಕನಿಷ್ಠ 90 ಮೀಟರ್, ಸಾಧ್ಯವಾದರೆ 240 ಮೀಟರ್ ಸಮತಟ್ಟಾದ ಖಾಲಿ ಜಾಗ ಇರಬೇಕು. ಬ್ರೇಕ್ ಹಿಡಿಯದ ವಿಮಾನ ಅಲ್ಲಿ ಓಡಿ ನಿಲ್ಲಲಿ ಅಂತ.

ಸುರಕ್ಷತೆ ಸಾಲದು ಅಂತ ಕಾಂಗೋದ ವಿಮಾನ ಸಂಸ್ಥೆಗಳನ್ನು ಯುರೋಪ್ ಒಕ್ಕೂಟ ತನ್ನಲ್ಲಿಗೆ ಹಾರದಂತೆ ನಿಷೇಧಿಸಿದೆ. ಸರಿಯೇ. ಆದರೆ ಟಿಕೆಟ್ಟೇ ಕೊಳ್ಳದ ಬಿರೇರೆಯ ವ್ಯಾಪಾರಿಗೆ ಅದರಿಂದ ಯಾವ ರಕ್ಷಣೆ? ಮುಂದೆ ವಿದೇಶಿ ನೆರವಿನಿಂದ ರನ್‌ವೇ ಮೇಲಿನ ಲಾವಾ ಒಂದಷ್ಟು ತೆಗೆದರು. ನನ್ನ ಕೇಳಿದರೆ, ಆ ದಕ್ಷಿಣ ತುದಿಯ ಮನೆಗಳಿಗೆ ಬೇರೆ ಕಡೆ ಒಳ್ಳೆಯ ಜಾಗ, ನ್ಯಾಯವಾದ ಪರಿಹಾರ ಕೊಡುವ ಕೆಲಸಕ್ಕೂ ಅಷ್ಟೇ ಹಣ ಇಡಬೇಕು.